ದುಡ್ಡು ಅವರದು, ಆರ್‌ಸಿ ನನ್ನದು: ಬೇರೆಯಾದ ಮೇಲೆ ಕಾರು ಯಾರದ್ದು?

ಪ್ರಶ್ನೆ: ನಾವಿಬ್ಬರೂ ಮದುವೆಯಾಗದೆ ಮೂರು ವರ್ಷ ಒಟ್ಟಿಗೆ ಇದ್ದೆವು. ಕಾರು ತೆಗೆದುಕೊಳ್ಳುವಾಗ ಡೌನ್ ಪೇಮೆಂಟ್ 2 ಲಕ್ಷ ಅವರೇ ಕೊಟ್ಟರು. ಬಿಲ್, ಆರ್‌ಸಿ, ಸಾಲ, ಇನ್ಶೂರೆನ್ಸ್ ಎಲ್ಲ ನನ್ನ ಹೆಸರಲ್ಲಿವೆ. ಕಂತು ನನ್ನ ಸಂಬಳದಿಂದಲೇ ಹೋಗುತ್ತದೆ. ಎರಡು ತಿಂಗಳ ಹಿಂದೆ ಬೇರೆಯಾದೆವು. 'ನಾನು ತೆಗೆಸಿಕೊಟ್ಟ ಕಾರು, ನನ್ನದೇ' ಎಂದು ಅವರು ಒಯ್ದಿದ್ದಾರೆ. ಏನು ಮಾಡಲಿ?
— ಓದುಗರು, ಮೈಸೂರು

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಕಾರು ನಿಮ್ಮದೇ. ಆದರೆ ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ವಿಷಯಕ್ಕೆ. ಇವತ್ತೇ ಇನ್ಶೂರೆನ್ಸ್ ಯಾವ ತಾರೀಕಿಗೆ ಮುಗಿಯುತ್ತದೆ ಎಂದು ನೋಡಿ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು. 2018ರಲ್ಲಿ ಸುಪ್ರೀಂ ಕೋರ್ಟಿಗೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ಕಾರು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತಾ ಹೋಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತವಾದಾಗ ಪರಿಹಾರದ ಹೊಣೆ ಆ ಮೊದಲಿನವರ ತಲೆಗೇ ಬಂತು. ನಿಮ್ಮ ಕಾರನ್ನು ಅವರು ಎಲ್ಲಿ ಓಡಿಸುತ್ತಿದ್ದಾರೋ ನಿಮಗೆ ಗೊತ್ತಿಲ್ಲ, ಅಲ್ವಾ? ಇನ್ಶೂರೆನ್ಸ್ ಮುಗಿದ ಮೇಲೆ ಏನಾದರೂ ಆದರೆ ಪರಿಹಾರದ ದುಡ್ಡು ನಿಮ್ಮ ಕೈಯಿಂದಲೇ ಹೋಗಬಹುದು. ಟ್ರಾಫಿಕ್ ದಂಡವೂ ಆ ನಂಬರಿಗೇ ಬೀಳುತ್ತದೆ. ಕಂತು ತಪ್ಪಿದರೆ ಬ್ಯಾಂಕ್ ಕೇಳುವುದೂ ನಿಮ್ಮನ್ನೇ. ಸಿಟ್ಟಿಗೆ ಕಂತು ನಿಲ್ಲಿಸಬೇಡಿ.

ಇನ್ನು ಆ 2 ಲಕ್ಷ. ಅದು ಉಡುಗೊರೆಯೋ ಸಾಲವೋ ಎನ್ನುವುದೇ ಇಲ್ಲಿ ಮುಖ್ಯ. ಪ್ರೀತಿಯಿಂದ ಕೊಟ್ಟು ನೀವು ತೆಗೆದುಕೊಂಡಿದ್ದರೆ, ಮನಸ್ಸು ಮುರಿಯಿತು ಎಂದು ವಾಪಸ್ ಕೇಳಲು ಆಗುವುದಿಲ್ಲ. ಸಾಲ ಎಂದಾದರೆ ಅವರು ಅದನ್ನು ಸಾಬೀತು ಮಾಡಬೇಕು, ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. ಆಗಲೂ ಅವರಿಗೆ ಸಿಗುವುದು ದುಡ್ಡು, ಕಾರಲ್ಲ. ಆ ದಿನಗಳ ವಾಟ್ಸಾಪ್ ಮಾತುಕತೆ ಅಳಿಸಬೇಡಿ. 'ನಿನ್ನ ಹುಟ್ಟುಹಬ್ಬಕ್ಕೆ' ಎಂಬ ಒಂದು ಸಾಲೂ ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ.

'ದುಡ್ಡು ನನ್ನದು, ಹೆಸರು ಮಾತ್ರ ಅವಳದ್ದು' ಎಂದು ಅವರು ವಾದಿಸಬಹುದು. ಹಾಗೆ ಹೇಳಿದರೆ, ಒಬ್ಬರ ದುಡ್ಡಲ್ಲಿ ಇನ್ನೊಬ್ಬರ ಹೆಸರಿಗೆ ಆಸ್ತಿ ಮಾಡುವುದನ್ನು ತಡೆಯುವ ಬೇನಾಮಿ ಕಾಯ್ದೆ ಅವರಿಗೇ ಅಡ್ಡ ಬರುತ್ತದೆ. ಆ ಕಾಯ್ದೆಯಲ್ಲಿ ಗಂಡ-ಹೆಂಡತಿಗೆ ವಿನಾಯಿತಿ ಇದೆ, ಸುಮ್ನೆ ಜೊತೆಗಿದ್ದವರಿಗೆ ಇಲ್ಲ.

ಮೊದಲು ವಕೀಲರ ಮೂಲಕ ನೋಟಿಸ್ ಕಳಿಸಿ. ಇಷ್ಟು ದಿನದೊಳಗೆ ಕಾರು, ಎರಡೂ ಕೀ ವಾಪಸ್ ಕೊಡಿ ಎಂದು ಅದರಲ್ಲಿರಲಿ. ಕಾರು ಯಾವತ್ತಿನಿಂದ ಅವರ ಹತ್ತಿರ ಇದೆ ಎಂಬುದನ್ನೂ ಬರೆಸಿ, ಮುಂದೆ ನಿಮ್ಮನ್ನು ಕಾಯುವುದು ಅದೇ. ಅದರ ಪ್ರತಿ ಇಟ್ಟು ಠಾಣೆಗೂ ದೂರು ಕೊಡಿ. 'ಇದು ಸಿವಿಲ್ ವಿಷಯ' ಎಂದು ಪೊಲೀಸರು ಹೇಳಿದರೂ ದೂರು ಕೊಟ್ಟಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಆಮೇಲೂ ಕೊಡದಿದ್ದರೆ ಸಿವಿಲ್ ಕೋರ್ಟ್. ನಿಮ್ಮದು ಮದುವೆಯಂಥದ್ದೇ ಸಂಬಂಧವಾಗಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿಯೂ ದಾರಿ ಇದೆ, ವಕೀಲರನ್ನು ಕೇಳಿ. ಒಬ್ಬರೇ ಅವರ ಮನೆಗೆ ಹೋಗಿ ಕಾರು ತರುವ ಸಾಹಸ ಮಾತ್ರ ಬೇಡ.

ಕಾರು ಅವರಿಗೇ ಹೋಗಲಿ ಎಂದು ನಿಮಗೆ ಅನ್ನಿಸಿದರೆ ಅದೂ ತಪ್ಪಲ್ಲ. ಅವರು ಪೂರ್ತಿ ಸಾಲ ತೀರಿಸಲಿ. ಬ್ಯಾಂಕಿನಿಂದ ಎನ್‌ಒಸಿ (ಬಾಕಿ ಇಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ತೆಗೆದುಕೊಂಡು, ಆಮೇಲೆ ಹೆಸರು ಬದಲಾಯಿಸಲು ಆರ್‌ಟಿಒಗೆ ಫಾರಂ 29 ಮತ್ತು 30 ಕೊಡಿ. ಆರ್‌ಸಿಯಲ್ಲಿ ಅವರ ಹೆಸರು ಬಂದಿದ್ದನ್ನು ಕಣ್ಣಾರೆ ನೋಡುವವರೆಗೆ ಇನ್ಶೂರೆನ್ಸ್ ಮುಗಿಯಲು ಬಿಡಬೇಡಿ.