ಕರಾರಿಗೆ ಸಹಿ ಬಿದ್ದ ಮೇಲೆ

ಮಾನ್ಯರೇ,

ಪೀಣ್ಯದ ಕಾರ್ಖಾನೆಯೊಂದರಿಂದ ಜರ್ಮನಿಯ ಕಂಪನಿಗೂ ಅದರ ಚೀನೀ ಪಾಲುದಾರರಿಗೂ ಬಿಡಿಭಾಗ ಪೂರೈಸುವ ಹೊಣೆ ಹೊತ್ತಿರುವ ತಮ್ಮ ಪತ್ರ ತಲುಪಿದೆ. ಜರ್ಮನ್ನರು ಕರಾರಿನ ಒಂದೊಂದು ಷರತ್ತಿಗೂ ತಿಂಗಳುಗಟ್ಟಲೆ ಪ್ರಶ್ನೆ ಕೇಳುತ್ತಾರೆ, ಚೀನೀಯರು ಬೇಗ ಒಪ್ಪಿ ಸಹಿಯಾದ ಮೇಲೆ ದರವನ್ನೂ ಗಡುವನ್ನೂ ಮತ್ತೆ ಚರ್ಚೆಗೆ ತರುತ್ತಾರೆ, ಹಾಗಾದರೆ ಮಾತಿಗೆ ನಿಲ್ಲುವವರು ಯಾರು ಎಂದು ಕೇಳಿದ್ದೀರಿ. ಇಬ್ಬರೂ ಮಾತಿಗೆ ನಿಲ್ಲುತ್ತಾರೆ ಎಂಬುದೇ ನನ್ನ ಉತ್ತರ. ಆದರೆ ನಂಬಿಕೆಯನ್ನು ಅವರು ಬೇರೆ ಬೇರೆ ಕಡೆ ಇಟ್ಟಿದ್ದಾರೆ.

ಕರಾರು, ಆಸ್ತಿ ಮೊದಲಾದ ಖಾಸಗಿ ವ್ಯವಹಾರಗಳ ಕಾನೂನಾದ ಜರ್ಮನಿಯ ನಾಗರಿಕ ಸಂಹಿತೆ 1900ರ ಜನವರಿ 1ರಿಂದ ಜಾರಿಯಲ್ಲಿದೆ. ಕರಾರು ಮುರಿದರೆ ನ್ಯಾಯಾಲಯ ಏನು ಹೇಳೀತು ಎಂಬ ಅಂದಾಜು ಅಲ್ಲಿನ ವ್ಯಾಪಾರಿಗೆ ತಲೆಮಾರುಗಳಿಂದ ಇರುವುದರಿಂದ, ಕೇಳುವುದನ್ನೆಲ್ಲ ಸಹಿಗೆ ಮೊದಲೇ ಕೇಳಿ ಮುಗಿಸುತ್ತಾನೆ. ಚೀನಾದಲ್ಲಿ ಖಾಸಗಿ ಉದ್ಯಮ ಮತ್ತೆ ತಲೆಯೆತ್ತಿದ್ದು 1978ರ ಆರ್ಥಿಕ ಸುಧಾರಣೆಗಳ ನಂತರ. ಏಕೀಕೃತ ಕರಾರು ಕಾಯಿದೆ ಬಂದದ್ದು 1999ರಲ್ಲಿ, ನಾಗರಿಕ ಸಂಹಿತೆ ಜಾರಿಯಾದದ್ದು 2021ರಲ್ಲಿ. ಕಾನೂನು ಇನ್ನೂ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಕಾರ್ಖಾನೆ ಕಟ್ಟಿದವರಿಗೆ ಎದುರಿಗೆ ಕುಳಿತ ಮನುಷ್ಯನೇ ಭದ್ರತೆಯಾಗಿದ್ದ. ಅವನೊಂದಿಗೆ ಊಟ ಮಾಡಿ, ಕಷ್ಟಕ್ಕೆ ಆಗುತ್ತಾನೆಯೇ ಎಂದು ನೋಡಿ ಆಮೇಲೆ ವ್ಯವಹಾರಕ್ಕಿಳಿಯುತ್ತಿದ್ದರು. ಪರಿಸ್ಥಿತಿ ಬದಲಾದಾಗ ಮತ್ತೆ ಕುಳಿತು ಮಾತಾಡುವುದು ಅವರ ದೃಷ್ಟಿಯಲ್ಲಿ ವಚನಭಂಗವಲ್ಲ, ಪಾಲುದಾರನ ಕರ್ತವ್ಯ. ಗಂಭೀರವಾಗಿ ಬದಲಾದ ಸನ್ನಿವೇಶದಲ್ಲಿ ಕರಾರನ್ನು ಮಾರ್ಪಡಿಸಲು ಚೀನಾದ ಸಂಹಿತೆಯ 533ನೇ ವಿಧಿಯಂತೆಯೇ ಜರ್ಮನ್ ಸಂಹಿತೆಯ 313ನೇ ಕಲಮೂ ಅವಕಾಶ ಕೊಡುತ್ತದೆ ಎಂಬುದನ್ನು ಗಮನಿಸಿ. ಕಾನೂನಿನ ಪುಟದಲ್ಲಿ ಇವೆರಡು ದೇಶಗಳ ನಡುವಿನ ಅಂತರ ನಾವು ಊಹಿಸುವಷ್ಟು ದೊಡ್ಡದಲ್ಲ.

ಚೀನೀಯರು ಕಾಗದಪತ್ರಕ್ಕೆ ಬೆಲೆ ಕೊಡುವುದಿಲ್ಲ ಎಂಬ ತಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಡುವೆ ನಕ್ಷತ್ರವಿರುವ ಕೆಂಪು ಬಣ್ಣದ ದುಂಡು ಮೊಹರು ಪ್ರತಿ ಚೀನೀ ಕಂಪನಿಗೂ ಇರುತ್ತದೆ. ಅದರ ನಮೂನೆ ಪೊಲೀಸ್ ಇಲಾಖೆಯಲ್ಲಿ ದಾಖಲಾಗಿರುತ್ತದೆ, ಅದನ್ನು ಬೀಗ ಹಾಕಿ ಕಾಯುತ್ತಾರೆ, ಅದು ಬೀಳದ ಕರಾರನ್ನು ಬ್ಯಾಂಕಾಗಲಿ ಕಚೇರಿಯಾಗಲಿ ಸುಲಭವಾಗಿ ಒಪ್ಪುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಪುಸ್ತಕ ಮಾರಾಟದ ದಾಂಗ್‌ದಾಂಗ್ ಕಂಪನಿಯ ಸಹಸಂಸ್ಥಾಪಕ ಲಿ ಗುವೊಚಿಂಗ್ ಕೆಲವರೊಂದಿಗೆ ಕಚೇರಿಗೆ ಬಂದು ಮೊಹರುಗಳನ್ನು ಕೊಂಡೊಯ್ದಾಗ, ಕಂಪನಿ ಪೊಲೀಸರಿಗೆ ದೂರು ಕೊಟ್ಟು ಆ ಮೊಹರುಗಳು ಅಸಿಂಧು ಎಂದು ಘೋಷಿಸಬೇಕಾಯಿತು. ಜರ್ಮನಿಯಲ್ಲಿ ಇದೇ ತೂಕ ಸಹಿಗಿದೆ. ಕಂಪನಿಯ ಪರವಾಗಿ ಸಹಿ ಮಾಡುವ 'ಪ್ರೊಕುರಾ' ಅಧಿಕಾರ ಯಾರಿಗಿದೆ ಎಂಬುದು ವಾಣಿಜ್ಯ ನೋಂದಣಿಯಲ್ಲಿ ದಾಖಲಾಗಿದ್ದು, 2022ರ ಆಗಸ್ಟ್‌ನಿಂದ ಯಾರು ಬೇಕಾದರೂ ಅದನ್ನು ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ನೋಡಬಹುದು.

ಜರ್ಮನ್ನರು ನಿಧಾನ, ಚೀನೀಯರು ಚುರುಕು ಎಂಬುದೂ ಅರ್ಧ ಸತ್ಯವೇ. ಸ್ಟುಟ್‌ಗಾರ್ಟ್ ಬಳಿಯ ಐಖ್‌ಟಾಲ್‌ನ ಪುಟ್ಸ್‌ಮೈಸ್ಟರ್, ಕಾಂಕ್ರೀಟ್ ಪಂಪುಗಳಿಗೆ ಹೆಸರಾದ ಕಂಪನಿ. ಅದರ ಸ್ಥಾಪಕ ಕಾರ್ಲ್ ಶ್ಲೆಖ್ಟ್ 2012ರ ಜನವರಿಯಲ್ಲಿ ಅದನ್ನು ಚೀನಾದ ಚಾಂಗ್‌ಶಾದ ಸಾನಿ ಕಂಪನಿಗೆ ಮಾರುವುದಾಗಿ ಪ್ರಕಟಿಸಿದಾಗ ಕಾರ್ಮಿಕರು ಬೀದಿಗಿಳಿದರು. ಕೊಂಡವರು ಚೀನೀಯರು ಎಂಬ ಆತಂಕದ ಜೊತೆಗೆ, ತಮಗೆ ಮುಂಚಿತವಾಗಿ ತಿಳಿಸಲಿಲ್ಲ ಎಂಬ ಸಿಟ್ಟು ಅವರಲ್ಲಿತ್ತು. ಎರಡು ಸಾವಿರಕ್ಕೂ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಸ್ಥಾನ ನೌಕರರಿಗಿರಬೇಕೆಂದು 1976ರ ಕಾಯಿದೆ ಹೇಳುವ ದೇಶ ಅದು. ಚೀನಾದ ಮಿಡಿಯಾ ಕಂಪನಿ 2016ರಲ್ಲಿ ಆಗ್ಸ್‌ಬುರ್ಗ್‌ನ ರೋಬಾಟ್ ತಯಾರಕ ಕೂಕಾವನ್ನು ಕೊಳ್ಳುವಾಗ, ಉದ್ಯೋಗಗಳನ್ನೂ ಘಟಕಗಳನ್ನೂ 2023ರ ಕೊನೆಯವರೆಗೆ ಉಳಿಸಿಕೊಳ್ಳುವುದಾಗಿ ಲಿಖಿತವಾಗಿಯೇ ಒಪ್ಪಿಕೊಂಡಿತು. ಮಾಲೀಕರಿಬ್ಬರ ಒಪ್ಪಿಗೆಯಷ್ಟೇ ಅಲ್ಲಿ ಸಾಲದು, ನೌಕರರನ್ನೂ ಒಪ್ಪಿಸಬೇಕು; ನಮಗೆ ನಿಧಾನವೆಂದು ಕಾಣುವುದರ ಹಿಂದೆ ಇದೂ ಇದೆ.

ಇನ್ನು ತಮ್ಮ ಮುಂದಿರುವ ಗಡುವಿನ ತಕರಾರು. ಚೀನೀ ಪಾಲುದಾರರಿಗೆ ಸಭೆಯಲ್ಲಿ, ಹತ್ತು ಜನರ ಎದುರು 'ಕರಾರಿನಲ್ಲಿ ಹೀಗಿದೆ' ಎಂದು ಓದಿ ಹೇಳಬೇಡಿ; ಅವರ ಮುಖ್ಯಸ್ಥರೊಂದಿಗೆ ಮೊದಲೇ ಖಾಸಗಿಯಾಗಿ ಮಾತಾಡಿ, ಅವರಿಗೆ ನಿಜವಾಗಿ ಬೇಕಾಗಿರುವುದು ಕಾಲಾವಕಾಶವೋ ದರದಲ್ಲಿ ರಿಯಾಯಿತಿಯೋ ತಿಳಿದುಕೊಳ್ಳಿ. ಅದೇ ದಿನ ಜರ್ಮನ್ ಕಡೆಯವರಿಗೂ ಕಾರಣಸಹಿತ ಬರೆದು ತಿಳಿಸಿ, ಏಕೆಂದರೆ ತಡವಾಗುವುದಕ್ಕಿಂತ ತಡವಾಗಿ ತಿಳಿಯುವುದೇ ಅವರನ್ನು ಹೆಚ್ಚು ಕೆರಳಿಸುತ್ತದೆ. ಹೊಸ ದಿನಾಂಕ ನಿಶ್ಚಯವಾದ ಮೇಲೆ ಅದನ್ನು ಪೂರಕ ಕರಾರಾಗಿ ಬರೆಸಿ, ಜರ್ಮನಿಯಿಂದ ಅಧಿಕಾರವುಳ್ಳವರ ಸಹಿಯನ್ನೂ ಚೀನಾದಿಂದ ಕಂಪನಿಯ ಮೊಹರನ್ನೂ ಹಾಕಿಸಿಕೊಳ್ಳಿ.

– ಸಂಪಾದಕ