ತೂರ್ ಪಟ್ಟಣದ ಪಂಕ್ಚರ್ ಅಂಗಡಿ

ಪ್ರಶ್ನೆ: ಸರ್, ಸೇನೆಯಲ್ಲಿದ್ದಾಗ ಲೆಬನಾನ್‌ನಲ್ಲಿ ಒಂದು ವರ್ಷ ಇದ್ದೆ ಎಂದು ಹಿಂದೊಮ್ಮೆ ಬರೆದಿದ್ದಿರಿ. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರು ಅಲ್ಲೇ ಇದೆಯಂತೆ. ನಾವು ಓದಿದ್ದು ಗಲಿಲಾಯದಲ್ಲಿ ಅಂತ. ನೀವು ನೋಡಿದ್ದೀರಾ?
— ಓದುಗರೊಬ್ಬರು, ಕೆಜಿಎಫ್

ಉತ್ತರ: ನೋಡಿದ್ದೇನೆ ಅಮ್ಮ. ಆದರೆ ಮೊದಲು ಸಿಕ್ಕಿದ್ದು ತೂರ್. ಅದನ್ನು ಹೇಳದೆ ಕಾನಾಗೆ ಬರಲಾರೆ.

1998ರಿಂದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಬೆಟಾಲಿಯನ್ ದಕ್ಷಿಣ ಲೆಬನಾನ್‌ಗೆ ಹೋಗುತ್ತಿದೆ. ನಾನು ಡ್ರೈವರ್. ತಲೆಗೆ ನೀಲಿ ಟೋಪಿ, ಓಡಿಸಲು ಬಿಳಿ ಗಾಡಿ. ನಮ್ಮ ಕ್ಯಾಂಪ್‌ನಿಂದ ಹೆರ್ಮೋನ್ ಬೆಟ್ಟ ಕಾಣುತ್ತಿತ್ತು. 2814 ಮೀಟರ್ ಎತ್ತರ, ಚಳಿಗಾಲದಲ್ಲಿ ತಲೆತುಂಬ ಹಿಮ. ಅಲ್ಲಿಯವರು ಜಬಲ್ ಅಲ್ ಶೇಖ್, ಅಂದರೆ ಮುದುಕನ ಬೆಟ್ಟ ಎನ್ನುತ್ತಾರೆ. ನನಗೆ ಅದು ಸುಮ್ನೆ ಒಂದು ಬೆಟ್ಟ, ಅಷ್ಟೇ.

ಒಂದು ದಿನ ಸಾಮಾನು ತರಲು ಸಮುದ್ರದ ಕಡೆ ಇಳಿದೆವು. ಪಕ್ಕದಲ್ಲಿ ಧಾರವಾಡದ ಹುಡುಗ, ಬಾಸೆಲ್ ಮಿಷನ್ ಚರ್ಚಿನ ಮನೆತನದವನು. ಊರಿನ ಹೆಸರು ಸೂರ್ ಅಂತ ಅಲ್ಲಿನವರು ಹೇಳಿದ ಕೂಡಲೇ ಅವನು ನೆಟ್ಟಗೆ ಕೂತ. "ಅಣ್ಣಾ, ಇದು ತೂರ್ ಐತ್ರೀ! ಸಣ್ಣಾಂವ ಇದ್ದಾಗಿಂದ ಬೈಬಲ್‌ನ್ಯಾಗ ತೂರ್, ಸೀದೋನ್ ಅಂತ ಊರ ಹೆಸರು ಓದೀನಿ. ಇಲ್ಲಿ ನೋಡಿದ್ರ ಪಂಕ್ಚರ್ ಅಂಗಡಿ ಐತಿ!"

ಸೊಲೊಮೋನ ಅರಸ ಕಟ್ಟಿಸಿದ ದೇವಾಲಯಕ್ಕೆ ದೇವದಾರು ಮರ ಕಳಿಸಿದ ಹೀರಾಮ ಅರಸನ ಊರಂತೆ. ಬದಲಿಗೆ ಸೊಲೊಮೋನ ಗೋಧಿ, ಎಣ್ಣೆ ಕೊಟ್ಟನಂತೆ. ರೇಷನ್ ಗಾಡಿ ಓಡಿಸುವವನಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಯಿತು.

ರಜಾ ಸಿಕ್ಕ ದಿನ ಅಲ್ ಬಾಸ್ ಎಂಬ ಕಡೆ ಹಾಳೂರು ನೋಡಲು ಹೋದೆವು. ಅಲ್ಲಿರುವುದು ರೋಮನ್ನರ ಕಾಲದ್ದು, ಹೀರಾಮನಿಗಿಂತ ಸಾವಿರ ವರ್ಷ ಈಚಿನದು. ದೊಡ್ಡ ಕಮಾನು, ಸುಮಾರು 480 ಮೀಟರ್ ಉದ್ದದ ರಥದ ಓಟದ ಮೈದಾನ, ದಾರಿಯ ಎರಡೂ ಬದಿ ಕಲ್ಲಿನ ಶವಪೆಟ್ಟಿಗೆಗಳು. ನನ್ನ ಕಣ್ಣು ಮಾತ್ರ ನೆಲದ ಮೇಲೆ. ಹಾಸುಗಲ್ಲಿನಲ್ಲಿ ಗಾಡಿ ಚಕ್ರದ ಜಾಡು ಬಿದ್ದಿದೆ. ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟೆ. ಅಂಚು ನಯವಾಗಿ ಸವೆದಿತ್ತು, ನಮ್ಮೂರ ಬಾವಿಕಟ್ಟೆಯಲ್ಲಿ ಹಗ್ಗ ಸವೆಸಿದ ಹಾಗೆ. ಎಷ್ಟು ಸಲ, ಎಷ್ಟು ಭಾರ ಹೊತ್ತು ಓಡಾಡಿರಬೇಕು ಅಲ್ವಾ! ಧಾರವಾಡದವನು ಕಮಾನಿನ ಫೋಟೊ ತೆಗೆದ, ನಾನು ಜಾಡಿನದು.

ಈಗ ನಿಮ್ಮ ಕಾನಾ. ತೂರ್‌ನಿಂದ ಹತ್ತು-ಹನ್ನೆರಡು ಕಿಲೋಮೀಟರ್ ಒಳಗೆ ಕಾನಾ ಎಂಬ ಹಳ್ಳಿಯಿದೆ. ಬಂಡೆಯ ಮೇಲೆ ಮಾಸಿದ ಮನುಷ್ಯರ ಕೆತ್ತನೆಗಳು, ಒಂದು ಗವಿ. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಆ ಮದುವೆ ಇಲ್ಲೇ ಆಯಿತು ಎಂಬುದು ಊರವರ ನಂಬಿಕೆ. 4ನೇ ಶತಮಾನದ ಕ್ರೈಸ್ತ ಇತಿಹಾಸಕಾರ ಯೂಸೇಬಿಯಸ್ ಕೂಡ ಕಾನಾವನ್ನು ಸೀದೋನ್ ಕಡೆಗೇ ತೋರಿಸಿದ್ದಾನೆ. ಇಸ್ರೇಲ್ ಕಡೆ ಗಲಿಲಾಯದಲ್ಲಿ, ನಜರೇತಿನ ಹತ್ತಿರದ ಕಫ್ರ್ ಕನ್ನಾ ಊರಿನವರು ತಮ್ಮದೇ ಎನ್ನುತ್ತಾರೆ. ಬೈಬಲಿನಲ್ಲಿ ಯೋಹಾನನು "ಗಲಿಲಾಯದ ಕಾನಾ" ಎಂದೇ ಬರೆದಿರುವುದರಿಂದ ನೀವು ಓದಿದ್ದರ ಕಡೆಗೇ ತೂಕ ಜಾಸ್ತಿ ಅಂತ ನನ್ನ ಅನಿಸಿಕೆ.

ಆದರೆ ಆ ಹಳ್ಳಿಯಲ್ಲಿ ನಾವು ಜಾಸ್ತಿ ಹೊತ್ತು ನಿಂತದ್ದು ಬಂಡೆಯ ಮುಂದಲ್ಲ. 1996ರ ಏಪ್ರಿಲ್ 18ರಂದು ಅಲ್ಲಿನ ವಿಶ್ವಸಂಸ್ಥೆ ಕ್ಯಾಂಪ್‌ನಲ್ಲಿ ಆಶ್ರಯ ಪಡೆದಿದ್ದ ಜನರ ಮೇಲೆ ಇಸ್ರೇಲ್‌ನ ಶೆಲ್‌ಗಳು ಬಿದ್ದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರ ಸಮಾಧಿಗಳು ಅಲ್ಲಿವೆ. ನಾವಿಬ್ಬರೂ ಟೋಪಿ ತೆಗೆದು ನಿಂತೆವು. ವಾಪಸ್ ಬರುವಾಗ ಇಡೀ ದಾರಿ ಧಾರವಾಡದವನು ಒಂದು ಮಾತೂ ಆಡಲಿಲ್ಲ.