ಓದುಗರ ಪ್ರಶ್ನೆ: ಶಾಂತಿ ಕಟ್ಟುವ ಕೆಲಸದಲ್ಲಿ ಯುವಜನರ ಪಾಲೆಷ್ಟು?

ಪ್ರಶ್ನೆ: ಯುದ್ಧವೂ ಸಂಧಾನವೂ ಸರ್ಕಾರಗಳ ಕೈಯಲ್ಲಿರುವಾಗ, ‘ವಿಶ್ವಶಾಂತಿಯಲ್ಲಿ ಯುವಜನರ ಪಾತ್ರ’ ಎಂಬುದು ಭಾಷಣ ಸ್ಪರ್ಧೆಯ ವಿಷಯವಷ್ಟೇ ಅಲ್ಲವೇ? ಅವರಿಂದ ನಿಜವಾಗಿ ಏನಾದರೂ ಆಗಿದೆಯೇ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಯುವಜನರಿಗಿಲ್ಲ ಎಂಬುದು ನಿಜ. ಆದರೆ ಸಹಿ ಬಿದ್ದ ಮೇಲೂ ಎರಡೂ ಕಡೆಯ ಮನೆಗಳಲ್ಲಿ ಹಗೆ ಹಾಗೆಯೇ ಉಳಿದಿರುತ್ತದೆ. ಅದನ್ನು ಕರಗಿಸಲು ವರ್ಷಗಟ್ಟಲೆ ಬೇಕು. ಆ ಕೆಲಸದಲ್ಲಿ ಯುವಜನರ ದುಡಿಮೆ ದೊಡ್ಡದು.

ಮೊದಲ ಮಹಾಯುದ್ಧದ ವೇಳೆ, ಫ್ರಾನ್ಸಿನ ವೆರ್ಡನ್ ಪಟ್ಟಣದ ಸುತ್ತ 1916ರಲ್ಲಿ ಫ್ರೆಂಚರಿಗೂ ಜರ್ಮನರಿಗೂ ಸುಮಾರು 300 ದಿನ ನಡೆದ ಕಾಳಗದಲ್ಲಿ ಎಷ್ಟೋ ಹಳ್ಳಿಗಳು ನೆಲಸಮವಾದವು. ಅಂಥದೊಂದು ಹಳ್ಳಿಗೆ 1920ರಲ್ಲಿ ಸ್ವಿಟ್ಜರ್ಲೆಂಡಿನ ಶಾಂತಿವಾದಿ ಪಿಯರ್ ಸೆರೆಸೋಲ್ ಸ್ವಯಂಸೇವಕರ ಒಂದು ಸಣ್ಣ ತಂಡವನ್ನು ಕರೆದೊಯ್ದರು. ನಿನ್ನೆಯವರೆಗೂ ಶತ್ರುಗಳಾಗಿದ್ದ ಜರ್ಮನರೂ ಆ ತಂಡದಲ್ಲಿದ್ದರು. ಅವರೆಲ್ಲ ಸೇರಿ ಫಿರಂಗಿ ಗುಂಡುಗಳು ತೋಡಿದ ಹೊಂಡಗಳನ್ನು ಮುಚ್ಚಿದರು, ರಸ್ತೆ ಸರಿಪಡಿಸಿದರು, ಮನೆ ಕಳೆದುಕೊಂಡವರಿಗಾಗಿ ತಾತ್ಕಾಲಿಕ ವಸತಿಗಳನ್ನು ಎಬ್ಬಿಸಿದರು. ಜರ್ಮನರು ಅಲ್ಲಿರುವುದಕ್ಕೆ ವಿರೋಧ ಬಂದದ್ದರಿಂದ ಮರುವರ್ಷ ಶಿಬಿರವನ್ನು ಮುಚ್ಚಬೇಕಾಯಿತು. ಗಾಯ ಇನ್ನೂ ಹಸಿಯಾಗಿತ್ತು. ಆ ಹಳ್ಳಿಯವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಆದರೂ ಅಲ್ಲಿಂದಲೇ ‘ಸರ್ವೀಸ್ ಸಿವಿಲ್ ಇಂಟರ್‌ನ್ಯಾಷನಲ್’ ಎಂಬ ಅಂತರರಾಷ್ಟ್ರೀಯ ಸ್ವಯಂಸೇವಾ ಚಳವಳಿ ಬೆಳೆಯಿತು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಇದೇ ಸೆರೆಸೋಲ್ ಇಲ್ಲಿಗೆ ಬಂದು, ರಾಜೇಂದ್ರ ಪ್ರಸಾದರ ಪರಿಹಾರ ಕಾರ್ಯದ ಜೊತೆಗೂಡಿ ಹಳ್ಳಿಗಳನ್ನು ಮತ್ತೆ ಕಟ್ಟಲು ದುಡಿದರು.

ಒಂದು ತಂಡದ ಶ್ರಮದಿಂದ ಆಗದ್ದನ್ನು ಸರ್ಕಾರಗಳು ಬೆನ್ನಿಗೆ ನಿಂತರೆ ಸಾಧಿಸಬಹುದು ಎಂಬುದಕ್ಕೂ ಅದೇ ಎರಡು ದೇಶಗಳು ಸಾಕ್ಷಿ. 1963ರಲ್ಲಿ ಮಾಡಿಕೊಂಡ ಎಲಿಸೀ ಎಂಬ ಸ್ನೇಹ ಒಪ್ಪಂದದ ನಂತರ ಫ್ರಾನ್ಸ್ ಮತ್ತು ಜರ್ಮನಿ ಸಮಪಾಲು ಹಣ ಹಾಕಿ ಜಂಟಿ ಯುವಜನ ಕಚೇರಿಯೊಂದನ್ನು ತೆರೆದವು. ಗಡಿಯ ಆಚೆಗೆ ಹೋಗಿ ಉಳಿಯುವುದು, ಅವರ ಭಾಷೆ ಕಲಿಯುವುದು, ಅವರ ಜೊತೆ ಓದುವುದು, ಕೆಲಸ ಕಲಿಯುವುದು, ಇಂಥ ಕಾರ್ಯಕ್ರಮಗಳಲ್ಲಿ ಈವರೆಗೆ 90 ಲಕ್ಷಕ್ಕೂ ಹೆಚ್ಚು ಯುವಜನರು ಪಾಲ್ಗೊಂಡಿದ್ದಾರೆ. ಈ ಮಾದರಿಯನ್ನೇ ಅನುಸರಿಸಿ, 1990ರ ದಶಕದ ಯುದ್ಧಗಳಿಂದ ನೊಂದ ಪಶ್ಚಿಮ ಬಾಲ್ಕನ್ ಪ್ರದೇಶದ ಸರ್ಕಾರಗಳು 2016ರಲ್ಲಿ ತಮ್ಮದೂ ಒಂದು ಕಚೇರಿಗೆ ಒಪ್ಪಿ, ಅಲ್ಬೇನಿಯಾದ ಟಿರಾನಾದಲ್ಲಿ ಅದನ್ನು ನೆಲೆಗೊಳಿಸಿದವು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಜೋರ್ಡಾನ್‌ನ ಮುಂದಾಳತ್ವದಲ್ಲಿ 2015ರ ಡಿಸೆಂಬರ್ 9ರಂದು ಅಂಗೀಕರಿಸಿದ 2250ನೇ ನಿರ್ಣಯವು, 18ರಿಂದ 29 ವರ್ಷದವರಿಗೆ ಶಾಂತಿ ಮಾತುಕತೆಗಳಲ್ಲಿ ಸ್ಥಾನ ಸಿಗಬೇಕೆಂದು ಸದಸ್ಯ ರಾಷ್ಟ್ರಗಳನ್ನು ಒತ್ತಾಯಿಸುತ್ತದೆ. ಈ ನಿರ್ಣಯ ಬೇಕೇ ಬೇಕಿತ್ತು, ಏಕೆಂದರೆ ಅಲ್ಲಿಯವರೆಗೆ ಯುವಕರನ್ನು ಬಂದೂಕು ಹಿಡಿಯುವವರು ಅಥವಾ ಗುಂಡಿಗೆ ಬಲಿಯಾಗುವವರು ಎಂದಷ್ಟೇ ನೋಡುವ ರೂಢಿಯಿತ್ತು. ಆದರೆ ಹಣ ಕೊಡದೆ, ಮಾತುಕತೆಯ ಕೊನೆಯ ದಿನ ಒಬ್ಬಿಬ್ಬರನ್ನು ಕರೆದು ಕೂರಿಸಿದರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ.

ಪ್ರಶ್ನೆ: ಹಾಗಾದರೆ ನನ್ನಂಥವರು ಎಲ್ಲಿಂದ ತೊಡಗಬೇಕು?

ಉತ್ತರ: ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯಲ್ಲಿ 18ರಿಂದ 26 ವರ್ಷದವರಿಗೆಂದೇ ಒಂದು ವಿಭಾಗವಿದೆ, ಅರ್ಜಿ ಹಾಕಿ. ಅದಕ್ಕೂ ಮೊದಲು ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗಿ, ಗುರುತಿಲ್ಲದವರ ಜೊತೆ ಏಳು ದಿನ ಒಂದೇ ಕಡೆ ಉಂಡು, ಮಲಗಿ, ಮಣ್ಣು ಹೊತ್ತು ನೋಡಿ. ಬೆಂಗಳೂರಿನಲ್ಲಿ ಹುಟ್ಟಿದ ಗಾಂಧಿವಾದಿ ಎಸ್‌.ಎನ್‌. ಸುಬ್ಬರಾವ್ ಅವರು ಮಧ್ಯಪ್ರದೇಶದ ಚಂಬಲ್ ಕಣಿವೆಯ ಜೌರಾದಲ್ಲಿ ಕೆಲಸ ಆರಂಭಿಸಿದ್ದೂ ಇಂಥ ಯುವ ಶ್ರಮಶಿಬಿರಗಳಿಂದಲೇ. ಅದೇ ಜೌರಾದಲ್ಲಿ 1972ರ ಏಪ್ರಿಲ್‌ನಲ್ಲಿ ಡಕಾಯಿತರು ಜಯಪ್ರಕಾಶ ನಾರಾಯಣರ ಮುಂದೆ ಬಂದೂಕುಗಳನ್ನು ಕೆಳಗಿಟ್ಟರು.